ತನಿಖಾಧಿಕಾರಿಯೂ ಅಭಿಯೋಜಕರೂ

ಮಕ್ಕಳ ಮೇಲಣ ಲೈಂಗಿಕ ದೌರ್ಜನ್ಯದ ಪ್ರಕರಣವೊಂದು ನ್ಯಾಯಾಲಯದಲ್ಲಿ ಬಿದ್ದುಹೋಯಿತೆಂದರೆ ನಮ್ಮ ಸೀಮೆಯಲ್ಲಿ ಎರಡು ಮಾತುಗಳು ಕೇಳಿಬರುವುದು ವಾಡಿಕೆ. ಠಾಣೆಯವರು “ನಾವು ಹಿಡಿದು ಒಪ್ಪಿಸಿದೆವು, ಕೋರ್ಟಿನಲ್ಲಿ ಬಿಟ್ಟುಬಿಟ್ಟರು” ಎನ್ನುತ್ತಾರೆ. ಸರ್ಕಾರದ ಪರವಾಗಿ ವಾದಿಸಿದ ಅಭಿಯೋಜಕರು “ಚಾರ್ಜ್‌ಶೀಟಿನಲ್ಲಿ ಇಲ್ಲದ್ದನ್ನು ನಾವು ಎಲ್ಲಿಂದ ತರೋಣ” ಎನ್ನುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟು; ಆದರೆ ಎರಡೂ ತೀರ್ಪು ಹೊರಬಿದ್ದ ಮೇಲೆ ಹುಟ್ಟತಕ್ಕ ಮಾತುಗಳು, ಆ ವೇಳೆಗೆ ಅವುಗಳಿಂದ ಮಗುವಿಗೆ ಆಗಬಹುದಾದ ಪ್ರಯೋಜನ ಯಾವುದೂ ಉಳಿದಿರುವುದಿಲ್ಲ. ಪೊಲೀಸರಿಗೂ ಅಭಿಯೋಜಕರಿಗೂ ಅಭಿಪ್ರಾಯಭೇದ ಉಂಟಾಗುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಅದು ಕಾನೂನೇ ಬುದ್ಧಿಪೂರ್ವಕವಾಗಿ ಏರ್ಪಡಿಸಿರುವ ವ್ಯವಸ್ಥೆಯ ಫಲ. ಆ ಭೇದವು ದೋಷಾರೋಪಣ ಪಟ್ಟಿ ಸಿದ್ಧವಾಗುವುದಕ್ಕೆ ಮುಂಚೆಯೇ, ಕಡತದೊಳಗೆ, ಬರವಣಿಗೆಯಲ್ಲಿ ವ್ಯಕ್ತವಾಗಿ ಪರಿಹಾರ ಕಾಣಬೇಕಾದದ್ದು, ಹಾಗಾಗದೆ ಎಲ್ಲವೂ ಮುಗಿದ ಮೇಲೆ ಪರಸ್ಪರ ನಿಂದೆಯಾಗಿ ಪರಿಣಮಿಸುತ್ತಿರುವುದೇ ನಮ್ಮ ದುರ್ದೈವ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ದೂರು ಹೇಗೆ ಸಂಚರಿಸುತ್ತದೆ ಎಂಬುದನ್ನು ಮೊದಲು ನೋಡೋಣ. ದೂರು ಹುಟ್ಟುವುದು ಗ್ರಾಮದಲ್ಲಿ, ಬಹುಪಾಲು ಮನೆಯೊಳಗೆ ಅಥವಾ ನೆರೆಮನೆಯಲ್ಲಿ. ಕೆಲವು ಸಂದರ್ಭಗಳಲ್ಲಿ ಗರ್ಭಿಣಿಯಾದ ಬಾಲಕಿಯನ್ನು ಪರೀಕ್ಷಿಸಿದ ಆಸ್ಪತ್ರೆಯವರು ಕಾನೂನಿನಂತೆ ಠಾಣೆಗೆ ಸುದ್ದಿ ಮುಟ್ಟಿಸುವವರೆಗೆ ಅದು ಹೊರಗೇ ಬರುವುದಿಲ್ಲ. ಪ್ರಥಮ ವರ್ತಮಾನ ವರದಿ ತಾಲ್ಲೂಕಿನ ಠಾಣೆಯಲ್ಲಿ ದಾಖಲಾಗುತ್ತದೆ. ಮಗುವಿನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಬರೆದುಕೊಳ್ಳುತ್ತಾರೆ. ವೈದ್ಯಕೀಯ ಪರೀಕ್ಷೆಯಾಗಿ, ಮೊಹರು ಮಾಡಿದ ಮಾದರಿಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ವಿಚಾರಣೆಯು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯ ವಿಶೇಷ ನ್ಯಾಯಾಲಯದ ಮುಂದೆ ನಡೆಯಬೇಕು, ಅದಕ್ಕಾಗಿ ಕೃಷ್ಣರಾಜಪೇಟೆ ಅಥವಾ ನಾಗಮಂಗಲದ ಮೂಲೆಯ ಹಳ್ಳಿಯೊಂದರ ಕೂಲಿಕಾರ ತಾಯಿಯು ಮಗಳ ಕೈಹಿಡಿದು ದಿನದ ಸಂಪಾದನೆಯನ್ನು ಬಿಟ್ಟು ಬಸ್ಸು ಹತ್ತಿ ಮಂಡ್ಯದವರೆಗೆ ಹೋಗಬೇಕಾಗುತ್ತದೆ. ಈ ಸುದೀರ್ಘವಾದ ದಾರಿಯಲ್ಲಿ ಆ ತಾಯಿಯು ಠಾಣೆಯವರನ್ನು ಮೊದಲ ದಿನವೇ ಕಾಣುತ್ತಾಳೆ. ತನ್ನ ಮಗಳ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲತಕ್ಕ ಅಭಿಯೋಜಕರನ್ನಾದರೋ, ಅನೇಕ ವೇಳೆ, ಸಾಕ್ಷ್ಯ ಹೇಳಬೇಕಾದ ದಿನ ಬೆಳಗ್ಗೆ ನ್ಯಾಯಾಲಯದ ಜಗಲಿಯ ಮೇಲೆ ಮೊದಲ ಬಾರಿಗೆ ಕಾಣುತ್ತಾಳೆ.

ಹೀಗೇಕಾಯಿತೆಂಬುದಕ್ಕೆ ಚರಿತ್ರೆಯುಂಟು. ಹಿಂದಿನ ಕಾಲದಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಸರ್ಕಾರದ ಪರವಾಗಿ ವಾದಿಸುತ್ತಿದ್ದವರು ಬಹುಮಟ್ಟಿಗೆ ಪೊಲೀಸ್ ಇಲಾಖೆಗೆ ಸೇರಿದವರು ಅಥವಾ ಅದರ ಅಧೀನರಾದವರು. ಹಿಡಿದವನೇ ವಾದಿಸಿದರೆ, ತಾನು ಹಿಡಿದದ್ದು ಸರಿಯೋ ತಪ್ಪೋ ಎಂದು ಪರ್ಯಾಲೋಚಿಸುವ ಸ್ವತಂತ್ರ ಬುದ್ಧಿ ಎಲ್ಲಿಯೂ ಇಲ್ಲದಂತಾಗುತ್ತದೆ ಎಂಬ ಕಾರಣದಿಂದ, 1958ರಲ್ಲಿ ಪ್ರಕಟವಾದ ಕಾನೂನು ಆಯೋಗದ 14ನೆಯ ವರದಿಯು ಅಭಿಯೋಜನೆಯನ್ನು ಪೊಲೀಸ್ ಇಲಾಖೆಯಿಂದ ಬೇರ್ಪಡಿಸಬೇಕೆಂದು ಸಲಹೆ ಮಾಡಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯು ಈ ತತ್ತ್ವವನ್ನು ಅಂಗೀಕರಿಸಿತು. 1995ರಲ್ಲಿ ಮಹಾರಾಷ್ಟ್ರದ ಎಸ್.ಬಿ. ಶಹಾಣೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಹಾಯಕ ಅಭಿಯೋಜಕರನ್ನು ಪೊಲೀಸರ ಆಡಳಿತ ಹಾಗೂ ಶಿಸ್ತಿನ ಹತೋಟಿಯಿಂದ ಸಂಪೂರ್ಣವಾಗಿ ಬಿಡಿಸತಕ್ಕದ್ದೆಂದು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ ಅಭಿಯೋಜನ ಇಲಾಖೆಯೆಂಬುದು ಪ್ರತ್ಯೇಕವಾಗಿಯೇ ಇದೆ. ಅಭಿಯೋಜಕರು ಪೊಲೀಸರ ವಕೀಲರಲ್ಲ. ಆರೋಪಿಗೆ ಹೇಗಾದರೂ ಶಿಕ್ಷೆಯಾಗಲೆಂದು ಹೋರಾಡುವುದಕ್ಕಿಂತ, ಸತ್ಯವೆಲ್ಲವನ್ನೂ, ಆರೋಪಿಗೆ ಅನುಕೂಲವಾದುದನ್ನು ಸಹ, ನ್ಯಾಯಾಧೀಶರ ಮುಂದಿಡುವುದು ಅವರ ಕರ್ತವ್ಯ. ನಿರಪರಾಧಿಯಾದವನೊಬ್ಬನನ್ನು ದ್ವೇಷದಿಂದ ಸಿಕ್ಕಿಸುವ ಸಾಧ್ಯತೆ ಎಲ್ಲಿಯವರೆಗೆ ಇರುತ್ತದೆಯೋ ಅಲ್ಲಿಯವರೆಗೆ ಈ ಪ್ರತ್ಯೇಕತೆ ಇರಲೇಬೇಕು.

ಪ್ರತ್ಯೇಕತೆಯು ಸಾಧುವೇ; ಆದರೆ ಪ್ರತ್ಯೇಕವಾಗಿರುವುದಕ್ಕೂ ಪರಸ್ಪರ ಮಾತನಾಡದಿರುವುದಕ್ಕೂ ಅಂತರವುಂಟು. ಎಲ್ಲೆಲ್ಲಿ ಈ ಮಾತು ನಿಂತುಹೋಗುತ್ತದೆ, ನಿಂತಲ್ಲಿ ಪ್ರಕರಣ ಹೇಗೆ ಶಿಥಿಲವಾಗುತ್ತದೆ ಎಂಬುದನ್ನು ಕೆಲವು ನಿದರ್ಶನಗಳಿಂದ ವಿವರಿಸಬಹುದು.

ಮೊದಲನೆಯದು ವಯಸ್ಸಿನ ರುಜುವಾತು. ಪೋಕ್ಸೊ ಕಾಯಿದೆಯ ಇಡೀ ಕಟ್ಟಡ ನಿಂತಿರುವುದು ಸಂತ್ರಸ್ತೆಗೆ 18 ವರ್ಷ ತುಂಬಿರಲಿಲ್ಲವೆಂಬ ಒಂದು ಸಂಗತಿಯ ಮೇಲೆ. ತನಿಖಾಧಿಕಾರಿಯು ಶಾಲೆಗೆ ಹೋಗಿ ವರ್ಗಾವಣೆ ಪತ್ರವೊಂದನ್ನು ಪಡೆದು ಕಡತಕ್ಕೆ ಸೇರಿಸಿ, ವಯಸ್ಸಿನ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಆದರೆ 2015ರ ಬಾಲನ್ಯಾಯ ಕಾಯಿದೆಯ 94ನೆಯ ಕಲಮು ಹೇಳುವುದು ಶಾಲೆಯು ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯ್ತಿಯ ಜನನ ಪ್ರಮಾಣಪತ್ರ, ಇವೆರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ ಎಂದು. ವರ್ಗಾವಣೆ ಪತ್ರವು ಈ ಕಲಮು ಕೇಳುವ ದಾಖಲೆಯಲ್ಲವೆಂದು 2023ರ ಜುಲೈನಲ್ಲಿ ಪಿ. ಯುವಪ್ರಕಾಶ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ. ದಿನವೂ ತೀರ್ಪುಗಳನ್ನು ಓದತಕ್ಕ ಅಭಿಯೋಜಕರಿಗೆ ಈ ವಿಷಯ ತಿಳಿದಿರುತ್ತದೆ. ಜಾತ್ರೆ, ಮೆರವಣಿಗೆ, ಚುನಾವಣೆಗಳ ನಡುವೆ ಕಡತ ಬರೆಯುವ ಸಬ್ ಇನ್‌ಸ್ಪೆಕ್ಟರರಿಗೆ ತಿಳಿಯದೆ ಹೋಗಬಹುದು. ದೋಷಾರೋಪಣ ಪಟ್ಟಿ ಸಲ್ಲಿಸುವುದಕ್ಕೆ ಒಂದು ವಾರ ಮುಂಚೆ ಇಬ್ಬರೂ ಒಂದು ಮೇಜಿನ ಎದುರುಬದುರು ಕುಳಿತಿದ್ದರೆ ಸರಿಹೋಗಬಹುದಾಗಿದ್ದ ನ್ಯೂನತೆಯು, ಹಾಗೆ ಕುಳಿತುಕೊಳ್ಳದೆ ಹೋದದ್ದರಿಂದ, ಎರಡು ವರ್ಷಗಳ ಮೇಲೆ ಆರೋಪಿಯ ವಕೀಲರ ಪಾಟಿ ಸವಾಲಿನಲ್ಲಿ ಬಯಲಾಗುತ್ತದೆ.

ಎರಡನೆಯದು ಮಗುವಿನ ಹೇಳಿಕೆ. ಪೋಕ್ಸೊ ಕಾಯಿದೆಯ 24ನೆಯ ಕಲಮಿನಂತೆ ಅದನ್ನು ಮಗುವಿನ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಸ್ಥಳದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಮೆಯಿಲ್ಲದ ಮಹಿಳಾ ಅಧಿಕಾರಿಯು, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಮಗುವು ಅನುಭವಿಸಿದ್ದನ್ನು ಒಂದೇ ಸಲ ಪೂರ್ತಿಯಾಗಿ ಹೇಳುವುದಿಲ್ಲ. ಹೆದರಿಕೆ ಕರಗಿದಂತೆ ಸ್ವಲ್ಪಸ್ವಲ್ಪವಾಗಿ ಹೇಳುತ್ತದೆ. ಹೀಗೆ ಠಾಣೆಯವರು ಬರೆದ ಹೇಳಿಕೆ, ಮ್ಯಾಜಿಸ್ಟ್ರೇಟರು ಬರೆದ ಹೇಳಿಕೆ, ವೈದ್ಯರಿಗೆ ಹೇಳಿದ ವೃತ್ತಾಂತ, ಈ ಮೂರರಲ್ಲಿ ಸಣ್ಣ ವ್ಯತ್ಯಾಸಗಳು ಕಾಣಿಸಿಕೊಂಡಾಗ ಪೊಲೀಸರು ಅವು ಮಗುವಿನ ಸಹಜ ರೀತಿಯೆಂದು ತಿಳಿದು ಮುಂದೆ ಸಾಗುತ್ತಾರೆ. ಅಭಿಯೋಜಕರು ಇವೇ ವ್ಯತ್ಯಾಸಗಳ ಮೇಲೆ ಪ್ರಕರಣವು ಮುರಿಯುವುದೆಂದು ಆತಂಕಪಡುತ್ತಾರೆ. ಇಬ್ಬರ ಭಾವನೆಯೂ ಯುಕ್ತವಾದುದೇ. ಆ ವ್ಯತ್ಯಾಸ ಏಕೆ ಬಂತೆಂಬುದನ್ನು ವಿವರಿಸಬಲ್ಲ ಸಾಕ್ಷಿಗಳನ್ನು, ಎಂದರೆ ಮಗುವು ಮೊದಲು ಹೇಳಿಕೊಂಡ ಗೆಳತಿ, ಅಜ್ಜಿ, ಶಾಲೆಯ ಮೇಡಂ ಇವರನ್ನು, ಪತ್ತೆಮಾಡಿ ಪಟ್ಟಿಗೆ ಸೇರಿಸಬೇಕಾದರೆ ಈ ಆತಂಕವು ತನಿಖೆ ನಡೆಯುತ್ತಿರುವಾಗಲೇ ಠಾಣೆಯ ಕಿವಿಗೆ ಬಿದ್ದಿರಬೇಕಾಗುತ್ತದೆ.

ಮೂರನೆಯದು ಕಾಲ. ಮಕ್ಕಳ ಮೇಲಣ ಅತ್ಯಾಚಾರದ ತನಿಖೆಯು ಎರಡು ತಿಂಗಳೊಳಗೆ ಮುಗಿಯಬೇಕೆಂದು ಕಾನೂನು ವಿಧಿಸಿದೆ. ಘೋರಾಪರಾಧಗಳಲ್ಲಿ 90 ದಿನಗಳೊಳಗೆ ಪಟ್ಟಿ ಸಲ್ಲಿಸದಿದ್ದರೆ ಬಂಧನದಲ್ಲಿರುವ ಆರೋಪಿಗೆ ಜಾಮೀನು ಹಕ್ಕಾಗಿ ಲಭಿಸುತ್ತದೆ. ಆದಕಾರಣ ಪ್ರಯೋಗಾಲಯದ ವರದಿ ಬರುವ ಮೊದಲೇ ಪಟ್ಟಿಯನ್ನು ಸಲ್ಲಿಸಿ, ವರದಿಯನ್ನು ಆಮೇಲೆ ಸೇರಿಸುವ ಪದ್ಧತಿ ಬೆಳೆದಿದೆ. ನಾಗಮಂಗಲದಲ್ಲಿ 2024ರ ಸೆಪ್ಟೆಂಬರಿನಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಗಲಭೆಯಾದಂಥ ಸಂದರ್ಭದಲ್ಲಿ, ಮೇಲುಕೋಟೆಯಲ್ಲಿ ವೈರಮುಡಿ ನಡೆಯುವ ದಿನಗಳಲ್ಲಿ, ಕಾವೇರಿಯ ವಿವಾದವು ಬಿಸಿಯೇರಿ ಕೃಷ್ಣರಾಜಸಾಗರದ ಸುತ್ತ ಚಳವಳಿಗಾರರು ಸೇರುವ ಕಾಲದಲ್ಲಿ, ಠಾಣೆಯ ಸಿಬ್ಬಂದಿಯೆಲ್ಲ ಬಂದೋಬಸ್ತಿಗೆ ಹೊರಡುತ್ತಾರೆ. ಪೋಕ್ಸೊ ಕಡತದ ಅವಧಿ ಮಾತ್ರ ಯಾರಿಗೂ ಕಾಯದೆ ಓಡುತ್ತಿರುತ್ತದೆ. ತನಿಖೆ ಮಾಡಿದವರು ವಿಚಾರಣೆಯ ವೇಳೆಗೆ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ. ಅವಸರದಲ್ಲಿ ಬರೆದ ಮಹಜರಿನ ಒಂದು ವಾಕ್ಯವನ್ನು ಅಭಿಯೋಜಕರಿಗೆ ವಿವರಿಸಿ ಹೇಳುವವರೇ ಸಿಕ್ಕುವುದಿಲ್ಲ. ಅಷ್ಟರಲ್ಲಿ ಗ್ರಾಮದ ಹಿರಿಯರೆನಿಸಿಕೊಂಡವರು ನಡುವೆ ಬಂದು ರಾಜಿಯ ಮಾತೆತ್ತಿ, ಮರ್ಯಾದೆಯ ಭಯವನ್ನು ತೋರಿಸಿ, ಸಾಕ್ಷಿಗಳನ್ನು ತಿರುಗಿಸಿಬಿಡುವುದಕ್ಕೆ ಬೇಕಾದಷ್ಟು ಸಮಯ ದೊರೆತಿರುತ್ತದೆ. ಹೇಳಿದ್ದನ್ನೇ ಹೇಳಿಲ್ಲವೆನ್ನುವಂತೆ ಒಂದು ಮಗುವನ್ನು ಒತ್ತಾಯಿಸುವುದು ಮೊದಲನೆಯ ಅಪರಾಧಕ್ಕಿಂತ ಲಘುವಾದುದೆಂದು ನಾನು ಒಪ್ಪಲಾರೆ.

ಪರಸ್ಪರ ಮಾತನಾಡದ ಈ ಕೊರತೆಯ ಪರಮಾವಧಿಯನ್ನು ಸರ್ವೋಚ್ಚ ನ್ಯಾಯಾಲಯವು ಕಂಡದ್ದು ಗುಜರಾತಿನ ಕಿಶನ್‌ಭಾಯಿ ಪ್ರಕರಣದಲ್ಲಿ. ಆರು ವರ್ಷದ ಬಾಲಕಿಯೊಬ್ಬಳು ಅತ್ಯಾಚಾರಕ್ಕೆ ಗುರಿಯಾಗಿ ಕೊಲೆಯಾದಳು. ವಿಚಾರಣಾ ನ್ಯಾಯಾಲಯವು ಆರೋಪಿಗೆ ಮರಣದಂಡನೆ ವಿಧಿಸಿತು. ಉಚ್ಚ ನ್ಯಾಯಾಲಯವು ಬಿಡುಗಡೆ ಮಾಡಿತು. 2014ರ ಜನವರಿ 7ರಂದು ಸರ್ವೋಚ್ಚ ನ್ಯಾಯಾಲಯವೂ ಆ ಬಿಡುಗಡೆಯನ್ನು ಎತ್ತಿಹಿಡಿಯಬೇಕಾಯಿತು. ಕರೆಯಿಸಬೇಕಾಗಿದ್ದ ಸಾಕ್ಷಿಗಳನ್ನು ಕರೆಯಿಸಿರಲಿಲ್ಲ, ಮಾಡಿಸಬೇಕಾಗಿದ್ದ ಡಿ.ಎನ್.ಎ. ಪರೀಕ್ಷೆಯನ್ನು ಮಾಡಿಸಿರಲಿಲ್ಲ; ತನಿಖೆಯ ಲೋಪವನ್ನು ಅಭಿಯೋಜನೆಯು ತಿದ್ದಲಿಲ್ಲ, ಅಭಿಯೋಜನೆಯ ಲೋಪಕ್ಕೆ ತನಿಖೆಯವರು ಉತ್ತರವಾದಿಗಳಾಗಲಿಲ್ಲ. ತನಿಖೆ ಮುಗಿದ ಕೂಡಲೇ ಅಭಿಯೋಜನ ಸಂಸ್ಥೆಯು ಸ್ವತಂತ್ರ ಬುದ್ಧಿಯಿಂದ ಕಡತವನ್ನು ಪರಿಶೀಲಿಸಿ, ಕೊರತೆಗಳನ್ನು ಪಟ್ಟಿ ಸಲ್ಲಿಸುವ ಮೊದಲೇ ಸರಿಪಡಿಸುವಂತೆ ಮಾಡಬೇಕು; ಬಿಡುಗಡೆಯಲ್ಲಿ ಕೊನೆಗೊಂಡ ಪ್ರಕರಣಗಳನ್ನೆಲ್ಲ ಎರಡೂ ಇಲಾಖೆಗಳ ಹಿರಿಯರ ಸಮಿತಿಯೊಂದು ಪರಾಮರ್ಶಿಸಿ ಕಾರಣವನ್ನು ದಾಖಲಿಸಬೇಕು; ತಪ್ಪಿತಸ್ಥರು ಯಾರೇ ಆಗಲಿ ಅವರ ಮೇಲೆ ಇಲಾಖಾ ಕ್ರಮವಾಗಬೇಕು ಎಂದು ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ಇಬ್ಬರೂ ಪರಸ್ಪರ ದೂಷಿಸಿಕೊಂಡು ಪಾರಾಗುವ ದಾರಿಯನ್ನು ಮುಚ್ಚಬೇಕೆಂಬುದೇ ಈ ನಿರ್ದೇಶನದ ಹೃದಯ.

ನಮ್ಮ ರಾಜ್ಯದ ಎರಡು ಪ್ರಕರಣಗಳು ಇದೇ ಪಾಠವನ್ನು ಎರಡು ದಿಕ್ಕಿನಿಂದ ಬೋಧಿಸುತ್ತವೆ. ದಕ್ಷಿಣ ಕನ್ನಡದ ಧರ್ಮಸ್ಥಳದಲ್ಲಿ 2012ರ ಅಕ್ಟೋಬರಿನಲ್ಲಿ, ಪೋಕ್ಸೊ ಕಾಯಿದೆ ಜಾರಿಗೆ ಬರುವುದಕ್ಕೆ ಒಂದು ತಿಂಗಳ ಹಿಂದೆ, 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಅತ್ಯಾಚಾರಕ್ಕೀಡಾಗಿ ಕೊಲೆಯಾದಳು. ತನಿಖೆಯು ಸ್ಥಳೀಯ ಠಾಣೆಯಿಂದ ಸಿಐಡಿಗೆ, ಅಲ್ಲಿಂದ ಸಿಬಿಐಗೆ ಹೋಯಿತು. 2023ರ ಜೂನ್ 16ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಏಕಮಾತ್ರ ಆರೋಪಿಯನ್ನು ಬಿಡುಗಡೆ ಮಾಡಿ, ತನಿಖೆಯ ಆರಂಭದಲ್ಲಿಯೇ ಆದ ಲೋಪಗಳನ್ನು ಎತ್ತಿ ತೋರಿಸಿತು. ಮೊದಲ ಕೆಲವು ಗಂಟೆಗಳಲ್ಲಿ ಕೈಬಿಟ್ಟುಹೋದ ಸಾಕ್ಷ್ಯವನ್ನು ಆಮೇಲೆ ಬಂದ ಎಷ್ಟು ದೊಡ್ಡ ಸಂಸ್ಥೆಯೂ ಮರಳಿ ತರಲಾರದೆಂಬುದನ್ನು ಸುಮಾರು ಹನ್ನೊಂದು ವರ್ಷಗಳ ಆ ನಿರೀಕ್ಷೆಯು ನಾಡಿಗೆಲ್ಲ ತೋರಿಸಿತು. ಆ ತಾಯಿಗೂ ನ್ಯಾಯ ದೊರೆಯಲಿಲ್ಲ, ವರ್ಷಾನುಗಟ್ಟಲೆ ಆರೋಪವನ್ನು ಹೊತ್ತವನಿಗೂ ಕಳೆದುಹೋದ ಕಾಲ ಹಿಂದಿರುಗಲಿಲ್ಲ.

ಎರಡನೆಯದು ಕೃಷ್ಣರಾಜಪೇಟೆಯ ನೆರೆಯ ಹೊಳೆನರಸೀಪುರದ ಸೀಮೆಯದು. ಅಂದಿನ ಸಂಸತ್ ಸದಸ್ಯ ಪ್ರಜ್ವಲ್ ರೇವಣ್ಣನವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳ ತನಿಖೆಗೆ 2024ರ ಏಪ್ರಿಲ್ ಕೊನೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿ ಬಿ.ಕೆ. ಸಿಂಗ್ ಅವರ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿತವಾಯಿತು. ಅಶೋಕ್ ನಾಯಕ್, ಬಿ.ಎನ್. ಜಗದೀಶ್ ಅವರು ವಿಶೇಷ ಅಭಿಯೋಜಕರಾದರು. ಮನೆಗೆಲಸ ಮಾಡುತ್ತಿದ್ದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ, ಕೃತ್ಯ ನಡೆದು ಮೂರು ವರ್ಷಗಳಾಗಿದ್ದರೂ ವಶಪಡಿಸಿಕೊಂಡ ಸೀರೆಯ ಮೇಲಿನ ಕುರುಹುಗಳ ಡಿ.ಎನ್.ಎ. ಪರೀಕ್ಷೆಯು ಮುಖ್ಯ ಸಾಕ್ಷ್ಯವಾಗಿ ನಿಂತಿತು. 26 ಸಾಕ್ಷಿಗಳ ವಿಚಾರಣೆಯಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಅಪರಾಧ ಸಾಬೀತಾಯಿತೆಂದು ನಿರ್ಣಯಿಸಿ ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಇದರ ವಿರುದ್ಧದ ಮೇಲ್ಮನವಿಯು ಉಚ್ಚ ನ್ಯಾಯಾಲಯದ ಮುಂದೆ ಹೋಗಿದೆ, ಆದ್ದರಿಂದ ಅಂತಿಮ ನಿರ್ಣಯ ಏನೆಂಬುದು ನನ್ನ ವಿಷಯವಲ್ಲ. ಗಮನಿಸಬೇಕಾದದ್ದು ಕಾರ್ಯದ ರೀತಿಯನ್ನು: ಆ ಒಂದು ವಿಷಯಕ್ಕೆಂದೇ ನಿಯುಕ್ತರಾದ ತನಿಖೆಗಾರರೂ ಅಭಿಯೋಜಕರೂ ಇದ್ದಲ್ಲಿ, ಪ್ರಭಾವಶಾಲಿಯ ಮನೆಯಲ್ಲಿ ದುಡಿದ ಬಡ ಮಹಿಳೆಯ ಮಾತು ವಿಚಾರಣೆ ಆರಂಭವಾದ ವರ್ಷವೊಂದರೊಳಗೆ ತೀರ್ಪನ್ನು ಕಂಡಿತು. ದೇಶವೇ ನೋಡುತ್ತಿದ್ದ ಪ್ರಕರಣಕ್ಕೆ ದೊರೆತ ಈ ಸಾಮರಸ್ಯವು, ಯಾರೂ ನೋಡದ ನಾಗಮಂಗಲದ ಹಳ್ಳಿಯ ಮಗುವಿಗೆ ಏಕೆ ದೊರೆಯಬಾರದು?

ಅಭಿಯೋಜಕರ ಕೈಗೆ ಎಲ್ಲವನ್ನೂ ಒಪ್ಪಿಸಿಬಿಟ್ಟರೆ ಸಮಸ್ಯೆ ತೀರುವುದೆಂದು ಭಾವಿಸುವವರು ಇಂಗ್ಲೆಂಡಿನ ಅನುಭವವನ್ನು ಸ್ಮರಿಸಬೇಕು. ಅಲ್ಲಿ 1986ರಿಂದ ಪ್ರತ್ಯೇಕವಾದ ಅಭಿಯೋಜನ ಸಂಸ್ಥೆಯಿದ್ದು, ಗಂಭೀರ ಅಪರಾಧಗಳಲ್ಲಿ ದೋಷಾರೋಪಣೆ ಮಾಡಬೇಕೇ ಬೇಡವೇ ಎಂಬ ನಿರ್ಧಾರವೂ ಈಗ ಅದರದೇ. ರಾಚ್‌ಡೇಲ್ ಎಂಬ ಊರಿನಲ್ಲಿ ಬಾಲಕಿಯೊಬ್ಬಳು 2008ರಲ್ಲಿ ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಪೊಲೀಸರಿಗೆ ದೂರು ಕೊಟ್ಟಳು; ಅವಳ ಮಾತನ್ನು ನ್ಯಾಯಾಲಯವು ನಂಬಲಾರದೆಂದು ಭಾವಿಸಿ 2009ರಲ್ಲಿ ಅಭಿಯೋಜಕರು ಪ್ರಕರಣವನ್ನು ಕೈಬಿಟ್ಟರು. ಆ ಪ್ರಾಂತಕ್ಕೆ ಮುಖ್ಯ ಅಭಿಯೋಜಕರಾಗಿ ಬಂದ ನಜೀರ್ ಅಫ್ಜಲ್ ಅವರು 2011ರಲ್ಲಿ ಆ ನಿರ್ಧಾರವನ್ನು ರದ್ದುಗೊಳಿಸಿದರು. 2012ರ ಮೇ ತಿಂಗಳಿನಲ್ಲಿ ಒಂಬತ್ತು ಮಂದಿಗೆ ಶಿಕ್ಷೆಯಾಯಿತು. ಸ್ವತಂತ್ರ ಬುದ್ಧಿಯೂ ತಪ್ಪಬಲ್ಲದು, ಅದರಲ್ಲಿಯೂ ಬಡ ಮಕ್ಕಳ, ಬಾಲ್ಯದಲ್ಲಿಯೇ ನೊಂದು ಕಠಿಣವಾದ ಮಕ್ಕಳ ಮಾತನ್ನು ಅಳೆಯುವಾಗ ತಪ್ಪಬಲ್ಲದು. ಅದನ್ನು ಪುನಃ ಪರಿಶೀಲಿಸತಕ್ಕ ಮತ್ತೊಂದು ಕಣ್ಣು ವ್ಯವಸ್ಥೆಯೊಳಗೇ ಇರಬೇಕು.

ನಮ್ಮ ಕಾನೂನು ಈ ಎಚ್ಚರಿಕೆಯನ್ನು ಬೇರೊಂದು ರೀತಿಯಲ್ಲಿ ವಹಿಸಿದೆ. 2000ದ ಆರ್. ಸರಳಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ದೋಷಾರೋಪಣ ಪಟ್ಟಿಯ ವಿಷಯದಲ್ಲಿ ತೀರ್ಮಾನವು ತನಿಖಾಧಿಕಾರಿಯದೇ, ಅಭಿಯೋಜಕರ ಅಭಿಪ್ರಾಯದಂತೆಯೇ ನಡೆಯಬೇಕೆಂದು ಆತನನ್ನು ನಿರ್ಬಂಧಿಸುವಂತಿಲ್ಲ ಎಂದು ಹೇಳಿತು. ಇದನ್ನೂ ಕಿಶನ್‌ಭಾಯಿ ತೀರ್ಪನ್ನೂ ಒಟ್ಟಿಗೆ ಓದಿದರೆ ತಾತ್ಪರ್ಯ ಸ್ಪಷ್ಟ: ಸಲಹೆ ಕೊಡುವುದು ಅಭಿಯೋಜಕರ ಧರ್ಮ, ಕೇಳಿ ವಿವೇಚಿಸುವುದು ತನಿಖಾಧಿಕಾರಿಯ ಧರ್ಮ, ಆಜ್ಞಾಪಿಸುವ ಅಧಿಕಾರ ಒಬ್ಬರಿಗೆ ಇನ್ನೊಬ್ಬರ ಮೇಲೆ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ತನ್ನ 20ನೆಯ ಕಲಮಿನಲ್ಲಿ ಜಿಲ್ಲೆಗೊಂದು ಅಭಿಯೋಜನ ನಿರ್ದೇಶನಾಲಯಕ್ಕೆ ಅವಕಾಶ ಮಾಡಿಕೊಟ್ಟಿರುವುದು ಸ್ತುತ್ಯವಾದ ಹೆಜ್ಜೆ. ಆದರೆ ಅಲ್ಲಿ ಒಂದು ಕೊರತೆಯಿದೆ. ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಹತ್ತು ವರ್ಷಕ್ಕೆ ಕಡಮೆಯಾದ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸ್ ವರದಿಯನ್ನು ಪರೀಕ್ಷಿಸಿ ಪರಿಶೀಲಿಸತಕ್ಕದ್ದೆಂದು ಉಪನಿರ್ದೇಶಕರಿಗೆ ಸ್ಪಷ್ಟವಾಗಿ ವಿಧಿಸಿದ ಆ ಕಲಮು, ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ನಿರ್ದೇಶಕರಿಗೆ ಮೇಲ್ವಿಚಾರಣೆಯನ್ನೂ ಮೇಲ್ಮನವಿಯ ಬಗ್ಗೆ ಅಭಿಪ್ರಾಯ ಕೊಡುವುದನ್ನೂ ಮಾತ್ರ ವಹಿಸಿದೆ. ಪೋಕ್ಸೊ ಕಾಯಿದೆಯಲ್ಲಿ 16 ವರ್ಷಕ್ಕಿಂತ ಕಿರಿಯ ಮಗುವಿನ ಮೇಲಣ ಅತ್ಯಾಚಾರಕ್ಕೆ 2019ರ ತಿದ್ದುಪಡಿಯಂತೆ ಕನಿಷ್ಠ ಶಿಕ್ಷೆಯೇ 20 ವರ್ಷ. ಅತಿ ಘೋರವಾದ ಅಪರಾಧಗಳಲ್ಲಿಯೇ ಪಟ್ಟಿಯ ಪರಿಶೀಲನೆಯನ್ನು ಕಲಮು ಬಾಯಿಬಿಟ್ಟು ಹೇಳಿಲ್ಲವೆಂದಾಯಿತು. ಈ ತೆರಪನ್ನು ರಾಜ್ಯ ಸರ್ಕಾರವು ಆದೇಶದ ಮೂಲಕ ತುಂಬಬಹುದು, ತುಂಬಬೇಕು.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮಾಡಬೇಕಾದುದೇನು? ಪ್ರಕರಣ ದಾಖಲಾದ ವಾರದೊಳಗೆ ವಿಶೇಷ ಅಭಿಯೋಜಕರಿಗೆ ಅದರ ಸುದ್ದಿ ತಲುಪಬೇಕು. ಪಟ್ಟಿ ಸಲ್ಲಿಸುವುದಕ್ಕೆ ಕನಿಷ್ಠ ಎರಡು ವಾರ ಮುಂಚೆ ಕರಡು ಅವರ ಮೇಜಿಗೆ ಬಂದು, ವಯಸ್ಸಿನ ದಾಖಲೆ, ಮಾದರಿಗಳ ಮೊಹರು ಮತ್ತು ಸಾಗಣೆಯ ದಾಖಲೆ, ಮೊದಲು ಕೇಳಿದವರ ಸಾಕ್ಷ್ಯ, ಈ ಮೂರನ್ನು ಅವರು ಪರೀಕ್ಷಿಸಿ ಅಭಿಪ್ರಾಯವನ್ನು ಬರೆದು ಕೊಡಬೇಕು. ತನಿಖಾಧಿಕಾರಿಯು ಆ ಅಭಿಪ್ರಾಯವನ್ನು ಒಪ್ಪದಿದ್ದರೆ ಅದು ಆತನ ಅಧಿಕಾರವೇ ಸರಿ, ಆದರೆ ಕಾರಣವನ್ನು ಬರೆಯಬೇಕು. ಇಬ್ಬರ ಬರಹವೂ ಶ್ರೀರಂಗಪಟ್ಟಣದ ಅಥವಾ ನಾಗಮಂಗಲದ ಡಿವೈಎಸ್ಪಿಯವರ ಕಣ್ಣಿಗೆ ಬೀಳಬೇಕು. ವರ್ಗಾವಣೆಯಾದ ತನಿಖಾಧಿಕಾರಿಯು ಸಾಕ್ಷ್ಯಕ್ಕೆ ಬರುವ ಮುನ್ನ ಅಭಿಯೋಜಕರೊಡನೆ ಕಡತವನ್ನು ಓದುವಂತಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಭಿಯೋಜಕರು ಮಗುವನ್ನೂ ತಾಯಿಯನ್ನೂ ಸಾಕ್ಷ್ಯದ ದಿನಕ್ಕೆ ಮುಂಚೆಯೇ, ಮಗುವಿಗೆ ನೆರವಾಗಲೆಂದು ನೇಮಿಸಲಾದ ಸಹಾಯಕ ವ್ಯಕ್ತಿಯ ಸಮ್ಮುಖದಲ್ಲಿ ಕಂಡು ಮಾತನಾಡಬೇಕು. ಹೇಳಬೇಕಾದದ್ದನ್ನು ಕಲಿಸಿಕೊಡುವುದಕ್ಕಲ್ಲ, ನ್ಯಾಯಾಲಯವೆಂದರೇನು, ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಬರುತ್ತವೆ, ದಣಿದರೆ ವಿರಾಮ ಕೇಳಬಹುದು ಎಂಬ ಅಭಯವನ್ನು ಕೊಡುವುದಕ್ಕೆ. ಇಷ್ಟಕ್ಕೆ ಹೊಸ ಕಾಯಿದೆ ಬೇಡ. ಕಾನೂನು ಇದನ್ನು ಎಲ್ಲಿಯೂ ನಿಷೇಧಿಸಿಲ್ಲ. ಬೇಕಾದದ್ದು ಹೆಚ್ಚಿನ ಅಭಿಯೋಜಕರು, ಬಂದೋಬಸ್ತಿನಿಂದ ಬಿಡುವು ಪಡೆದ ತನಿಖೆಗಾರರು, ಮತ್ತು ಈ ಕ್ರಮವನ್ನು ಕಡ್ಡಾಯಗೊಳಿಸುವ ಒಂದು ಆದೇಶ.

ಎರಡು ಇಲಾಖೆಗಳಲ್ಲಿಯೂ ಪ್ರಾಮಾಣಿಕರಿದ್ದಾರೆ. ಕಡತದ ಮೇಲೆ ರಾತ್ರಿಗಳನ್ನು ಕಳೆಯುವ ಮಹಿಳಾ ಸಬ್ ಇನ್‌ಸ್ಪೆಕ್ಟರರು, ಬೇಸರಿಸದೆ ಒಂದೊಂದು ಸಾಕ್ಷಿಯನ್ನೂ ಸಮಾಧಾನಪಡಿಸುವ ಅಭಿಯೋಜಕರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ. ಅವರ ಶ್ರಮವು ಬೇರೆ ಬೇರೆ ಕೊಠಡಿಗಳಲ್ಲಿ ಬೇರೆ ಬೇರೆ ಕಾಲಗಳಲ್ಲಿ ವ್ಯಯವಾಗುತ್ತಿರುವುದರಿಂದಲೇ ಒಬ್ಬರ ಶ್ರಮ ಇನ್ನೊಬ್ಬರಿಗೆ ಆಧಾರವಾಗುತ್ತಿಲ್ಲ. ಮಗುವಿಗೆ ಸರ್ಕಾರವು ಎರಡಲ್ಲ, ಒಂದೇ. ಠಾಣೆಯಲ್ಲಿ ಅದರ ಕಣ್ಣೀರು ಕಂಡವರೂ ನ್ಯಾಯಾಲಯದಲ್ಲಿ ಅದರ ಪರವಾಗಿ ನಿಂತವರೂ ಅದರ ಪಾಲಿಗೆ ಆ ಒಂದೇ ಸರ್ಕಾರ. ಆ ಮಗುವು ಧೈರ್ಯ ಮಾಡಿ ಹೇಳಿದ ಮಾತಿಗೆ ಪೊಲೀಸರೂ ಅಭಿಯೋಜಕರೂ ಜಂಟಿಯಾಗಿ ಉತ್ತರವಾದಿಗಳಾಗಬೇಕೆಂದು, ಆ ಉತ್ತರವಾದಿತ್ವವು ಪ್ರತಿಯೊಂದು ಕಡತದ ಮೇಲೆಯೂ ಇಬ್ಬರ ಸಹಿಯೊಡನೆ ಕಾಣಬೇಕೆಂದು ಕೇಳುವ ಹಕ್ಕು ಈ ನಾಲ್ಕು ತಾಲ್ಲೂಕಿನ ಪ್ರತಿಯೊಬ್ಬ ತಂದೆತಾಯಿಗೂ ಇದೆ.